ಮನೆ ಬಿಟ್ಟು ಬಂದವರಿಗೆ ಇವತ್ತು ರಾತ್ರಿ ಎಲ್ಲಿ ಜಾಗ? ಕರ್ನಾಟಕದ ಆಸರೆ ಮನೆಗಳನ್ನು ಹೋಲಿಸಿ ನೋಡೋಣ

ಪಿಯು ಕಾಲೇಜಿನ ಮೇಷ್ಟ್ರು, ಪಕ್ಕದ ಮನೆಯ ಆಂಟಿ, ಗೆಳೆಯನನ್ನು ರೂಮಿನಲ್ಲಿ ಇಟ್ಟುಕೊಂಡಿರುವ ಹುಡುಗ, ದೂರದ ಊರಿನ ಚಿಕ್ಕಪ್ಪ. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಇಂಥವರೇ. ಮನೆಯಲ್ಲಿ ಹೊಡೆತ, ಬೇಡದ ಮದುವೆ, ಅಪ್ಪನ ಕುಡಿತ, ಫೇಲ್ ಆದ ಭಯ, ಏನೋ ಒಂದು ಕಾರಣಕ್ಕೆ ಹುಡುಗನೋ ಹುಡುಗಿಯೋ ಮನೆ ಬಿಟ್ಟು ಬಂದು ಇವರ ಮುಂದೆ ನಿಂತಿರುತ್ತಾರೆ. ಪೊಲೀಸರಿಗೆ ಹೇಳಬೇಕಾ? ಬಾಲಮಂದಿರಕ್ಕೆ ಕಳಿಸಬೇಕಾ? ಯಾವುದಾದರೂ ಸಂಸ್ಥೆ ಇದೆಯಾ? ನಾಲ್ಕು ದಿನ ನಮ್ಮ ಮನೆಯಲ್ಲೇ ಇರಲಿ ಅಂದರೆ ತಪ್ಪಾ?

ಜಾಗಗಳು ಇವೆ. ಆದರೆ ಎಲ್ಲ ಬಾಗಿಲೂ ಎಲ್ಲರಿಗೂ ತೆರೆಯುವುದಿಲ್ಲ. ತಪ್ಪು ಬಾಗಿಲು ತಟ್ಟಿದರೆ ಅರ್ಧ ರಾತ್ರಿ ಅಲೆದಾಟವೇ ಆಗುತ್ತದೆ. ಅದನ್ನು ತಪ್ಪಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನು ನೋಡಬೇಕು?

ವಯಸ್ಸು. ಉಳಿದದ್ದೆಲ್ಲ ಆಮೇಲೆ. 18 ತುಂಬಿದೆಯೋ ಇಲ್ಲವೋ ಅನ್ನುವುದರ ಮೇಲೆ ಕಾನೂನು, ಇಲಾಖೆ, ಅನುದಾನ ಎಲ್ಲವೂ ಬದಲಾಗುತ್ತವೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಬಾಲನ್ಯಾಯ ಕಾಯ್ದೆ ಮೊದಲು ಕೇಳುವುದು ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿಯೋ ನಗರಸಭೆಯೋ ಕೊಟ್ಟ ಜನನ ಪ್ರಮಾಣಪತ್ರ. ಹಾಗಾಗಿ ಮೊಬೈಲಿನಲ್ಲಿ ಅಂಕಪಟ್ಟಿಯ ಫೋಟೋ ಇದ್ದರೂ ಕಾಪಾಡಿಕೊಳ್ಳಿ.

ಎರಡನೆಯದು, ಅಪಾಯ ಈಗಲೇ ಇದೆಯಾ ಅನ್ನುವುದು. ಮೈಮೇಲೆ ಗಾಯ ಇದ್ದರೆ, ಯಾರೋ ಹುಡುಕಿಕೊಂಡು ಬರುತ್ತಿದ್ದರೆ, ಸಾಯುವ ಮಾತಾಡುತ್ತಿದ್ದರೆ ಆಯ್ಕೆ ಮಾಡುತ್ತಾ ಕೂರುವ ಹೊತ್ತಲ್ಲ. 112ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು. ದೇಶದ ಈ ಇಡೀ ವ್ಯವಸ್ಥೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್.

ಆಮೇಲೆ ಎಷ್ಟು ರಾತ್ರಿ ಬೇಕು ಅಂತ ಯೋಚಿಸಿ. ಒಂದೆರಡು ದಿನ ಉಸಿರು ತೆಗೆದುಕೊಳ್ಳಲು ಜಾಗ ಬೇಕಾ, ಇಲ್ಲ ಮನೆಗೆ ಮರಳುವ ಮಾತೇ ಇಲ್ಲವಾ? ಓದು ಅಥವಾ ಕೆಲಸ ಮುಂದುವರಿಯಬೇಕಾ? ಕೆಲವು ಕಡೆ ಹೊರಗೆ ಹೋಗಲು ಬಿಡುವುದಿಲ್ಲ, ಫೋನ್ ಇಸಿದುಕೊಳ್ಳುತ್ತಾರೆ. ಪರೀಕ್ಷೆ ಹತ್ತಿರ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಕೊನೆಗೆ, ಆ ಜಾಗ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಅಂತ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಆಪ್ತಸಮಾಲೋಚಕಿ ಇರುತ್ತಾರಾ, ಊಟ ಹೇಗಿರುತ್ತದೆ ಅನ್ನುವುದೆಲ್ಲ ಅಲ್ಲೇ ತೀರ್ಮಾನವಾಗಿರುತ್ತದೆ.

18 ತುಂಬದವರಿಗೆ

ಇಲ್ಲಿ ದಾರಿ ಸ್ಪಷ್ಟ. 1098ಕ್ಕೆ ಫೋನ್ ಮಾಡಿ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಚೈಲ್ಡ್‌ಲೈನ್ ಅನ್ನು ಬಹಳ ವರ್ಷ ಸ್ವಯಂಸೇವಾ ಸಂಸ್ಥೆಗಳೇ ನಡೆಸುತ್ತಿದ್ದವು. 2023ರಲ್ಲಿ ಸರ್ಕಾರ ತಾನೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ಈಗ ನಿಮ್ಮ ಕರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಡೆ ಹೋಗುತ್ತದೆ. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ 24 ಗಂಟೆಯೊಳಗೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ.

"ಸುಮ್ನೆ ನಮ್ಮ ಮನೆಯಲ್ಲೇ ಇರಲಿ ಬಿಡಿ" ಅನ್ನುವವರು ಗಮನಿಸಿ. ಹೆತ್ತವರಿಂದ ಬೇರೆಯಾದ ಮಗು ಸಿಕ್ಕಿದರೆ 24 ಗಂಟೆಯೊಳಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಾಗಂತ ನಿಮ್ಮ ಮನೆಯ ಬಾಗಿಲು ಮುಚ್ಚಲೇಬೇಕು ಅಂತಿಲ್ಲ. ವಿಷಯ ತಿಳಿಸಿ, "ನಮ್ಮಲ್ಲಿ ಇರಲು ಮಗುವಿಗೂ ಇಷ್ಟ ಇದೆ, ನಮಗೂ ಇದೆ" ಅಂತ ಸಮಿತಿಯ ಮುಂದೆ ಹೇಳಿ. ಪರಿಶೀಲಿಸಿ ಬಂಧುಗಳ ಜೊತೆ ಅಥವಾ ಯೋಗ್ಯ ವ್ಯಕ್ತಿ ಎಂದು ಗುರುತಿಸಿದವರ ಜೊತೆ ಇರಿಸುವ ಅಧಿಕಾರ ಸಮಿತಿಗಿದೆ. ಅಜ್ಜಿಯೋ ಸೋದರಮಾವನೋ ಒಪ್ಪಿದರೆ ನಾನು ಮೊದಲು ನೋಡುವುದು ಈ ದಾರಿಯನ್ನೇ. ಬಡತನದ ಮನೆಯಾದರೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಊರುಗಳಲ್ಲಿ 96,000 ರೂಪಾಯಿ ಮೀರಿರಬಾರದು.

ಬಂಧುಗಳು ಇಲ್ಲ ಅಂದಾಗ ಉಳಿಯುವುದು ಎರಡು. ಒಂದು ತೆರೆದ ತಂಗುದಾಣ, ಇನ್ನೊಂದು ಬಾಲಮಂದಿರ ಅಥವಾ ಸಂಸ್ಥೆಗಳು ನಡೆಸುವ ಮಕ್ಕಳ ಮನೆ. ತಂಗುದಾಣ ಇರುವುದೇ ಸ್ವಲ್ಪ ದಿನಕ್ಕೆ. ಬೀದಿಯಲ್ಲೋ ರೈಲ್ವೆ ಪ್ಲಾಟ್‌ಫಾರಂನಲ್ಲೋ ಸಿಕ್ಕಿದ ಮಕ್ಕಳಿಗೆ ಊಟ, ನಿದ್ದೆ, ಮಾತಾಡಲು ಒಬ್ಬರು ಸಿಗುತ್ತಾರೆ. ವಾತಾವರಣ ಸ್ವಲ್ಪ ಸಡಿಲ. ಬೆಂಗಳೂರಿನಲ್ಲಿ 1980ರಿಂದ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತಿರುವ ಬಾಸ್ಕೊ, ರಾಯಚೂರಿನಲ್ಲಿ ಶುರುವಾಗಿ ರೈಲು ನಿಲ್ದಾಣಗಳಿಂದ ಮಕ್ಕಳನ್ನು ಮನೆಗೆ ಸೇರಿಸುವ ಸಾಥಿ, 'ನಮ್ಮನೆ' ಅನ್ನುವ ಆಸರೆ ನಡೆಸಿದ ಅಪ್ಸಾ, ಈ ಸಂಸ್ಥೆಗಳು ಬೆಳೆದದ್ದು ಇಂಥ ಮಕ್ಕಳ ಹಿಂದೆ ಓಡಾಡಿಯೇ. ಕೆಲವೇ ದಿನದಲ್ಲಿ ಮನೆಯವರ ಜೊತೆ ಮಾತಾಡಿ ಸರಿಹೋಗಬಹುದು ಅನ್ನಿಸಿದರೆ ಇದು ಒಳ್ಳೆಯದು. ಮನೆಯೇ ಅಪಾಯದ ಜಾಗ ಆಗಿದ್ದರೆ ಸಾಲದು.

ಬಾಲಮಂದಿರದಲ್ಲಿ ಬಿಗಿ ಜಾಸ್ತಿ, ಭದ್ರತೆಯೂ ಜಾಸ್ತಿ. ಶಾಲೆಗೆ ಕಳಿಸುತ್ತಾರೆ, ತಿಂಗಳುಗಟ್ಟಲೆ ಇರಬಹುದು. ಊರು ಬದಲಾದರೆ ಶಾಲೆಯೂ ಬದಲಾಗುತ್ತದೆ, ಅದೊಂದು ನಷ್ಟ. "ಅದು ರಿಮ್ಯಾಂಡ್ ಹೋಮ್ ಅಲ್ವಾ?" ಅಂತ ಹೆದರುವವರು ಬಹಳ. ಅಲ್ಲ. ಕಾನೂನು ಮುರಿದ ಆರೋಪ ಇರುವ ಮಕ್ಕಳನ್ನು ಇಡುವ ವೀಕ್ಷಣಾಲಯವೇ ಬೇರೆ, ಅದನ್ನು ನೋಡಿಕೊಳ್ಳುವ ಬಾಲನ್ಯಾಯ ಮಂಡಳಿಯೇ ಬೇರೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಮಿಷನ್ ವಾತ್ಸಲ್ಯದಲ್ಲಿ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. ಸಂಸ್ಥೆಯಲ್ಲಿರುವ ಒಂದು ಮಗುವಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ. ಅಂದರೆ ದಿನಕ್ಕೆ 100. ಸಿಬ್ಬಂದಿ ಸಂಬಳ ಬೇರೆ ಲೆಕ್ಕದಲ್ಲಿ ಬರುತ್ತದೆ, ನಿಜ. ಆದರೂ ಮೂರು ಹೊತ್ತಿನ ಊಟ, ಬಟ್ಟೆ, ಸೋಪು, ಹುಡುಗಿಯರ ಪ್ಯಾಡು, ಎಲ್ಲ ಈ 100 ರೂಪಾಯಿಯಲ್ಲಿ ಆಗಬೇಕು. ಬೆಳೆಯುವ ಹುಡುಗರ ಹಸಿವು ನೋಡಿದವರಿಗೆ ಇದು ಎಷ್ಟು ಕಡಿಮೆ ಅಂತ ಬೇರೆ ಹೇಳಬೇಕಿಲ್ಲ. ದುಡ್ಡು ಕಂತಿನಲ್ಲಿ ಬರುತ್ತದೆ, ತಡವಾಗುವುದೂ ಉಂಟು. ಸರ್ಕಾರದ ಅನುದಾನದ ಜೊತೆಗೆ ದಾನಿಗಳೂ ಇರುವ ಮನೆಯಲ್ಲಿ ಹಾಲು, ಮೊಟ್ಟೆ, ಟ್ಯೂಷನ್ ಸಿಗುವ ಸಾಧ್ಯತೆ ಹೆಚ್ಚು. ಬರೀ ದಾನದ ಮೇಲೆ ನಡೆಯುವ ಮನೆಗಳೂ ಇವೆ. ಚೆನ್ನಾಗಿ ನಡೆಯಬಹುದು, ಆದರೆ ನೋಂದಣಿ ಇದೆಯಾ ಅಂತ ಮೊದಲು ಕೇಳಿ. ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯಾದರೂ ಬಾಲನ್ಯಾಯ ಕಾಯ್ದೆ 2015ರ 41ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸಲೇಬೇಕು. ಆಶ್ರಮ ಅನ್ನಲಿ, ಅನಾಥಾಲಯ ಅನ್ನಲಿ, ವಿನಾಯಿತಿ ಇಲ್ಲ. ನೋಂದಣಿ ಇಲ್ಲದ ಕಡೆ ಮಗುವನ್ನು ಬಿಟ್ಟು ಬರಬೇಡಿ, ಎಷ್ಟೇ ಚೆನ್ನಾಗಿ ಕಂಡರೂ.

ಸಮಿತಿಯ ಮುಂದೆ ಏನಾಗುತ್ತದೆ ಅಂತ ಮಗುವಿಗೆ ಮೊದಲೇ ಹೇಳಿ. ಕಟಕಟೆ ಇರುವುದಿಲ್ಲ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಸಮಿತಿ, ಕನಿಷ್ಠ ಒಬ್ಬರು ಹೆಂಗಸು. ಸಭೆ ಇಲ್ಲದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಆಗುತ್ತದೆ. ಹೆಸರು, ಊರು, ಶಾಲೆ ಕೇಳುತ್ತಾರೆ. ವೈದ್ಯಕೀಯ ತಪಾಸಣೆ ಆಗುತ್ತದೆ. ಮನೆಯವರನ್ನು ಕರೆಸುತ್ತಾರೆ. ಸಮಾಜ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸಿ 15 ದಿನದಲ್ಲಿ ವರದಿ ಕೊಡಬೇಕು. 4 ತಿಂಗಳೊಳಗೆ ಕೊನೆಯ ಆದೇಶ ಆಗಬೇಕು. ಅಪ್ಪ ಅಮ್ಮನನ್ನು ಕಂಡ ಕೂಡಲೇ ಎಷ್ಟೋ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. "ಏನಿಲ್ಲ, ಸುಮ್ನೆ ಬಂದೆ" ಅಂದುಬಿಡುತ್ತಾರೆ. ಅಷ್ಟಕ್ಕೇ ವಾಪಸ್ ಕಳಿಸುವ ಮಾತು ಶುರುವಾಗುತ್ತದೆ. ಹಾಗಾಗಿ ಕರೆದುಕೊಂಡು ಹೋಗುವ ಮೇಷ್ಟ್ರು ಅಥವಾ ಆಂಟಿ ಒಂದು ಹಾಳೆಯಲ್ಲಿ ಕಂಡದ್ದನ್ನು ಬರೆದು ಕೊಡಿ. ಯಾವ ದಿನ ಬಂದಳು, ಕೈ ಮೇಲೆ ಎಲ್ಲಿ ಬಾಸುಂಡೆ ಇತ್ತು, ಅವಳ ಮಾತಿನಲ್ಲೇ ಏನು ಹೇಳಿದಳು. ಕೆಳಗೆ ಸಹಿ, ಫೋನ್ ನಂಬರ್. ಆ ಒಂದು ಹಾಳೆ ಕಡತದಲ್ಲಿ ಉಳಿಯುತ್ತದೆ.

ಬೇಡದ ಮದುವೆಗೆ ಹೆದರಿ ಬಂದ ಹುಡುಗಿಗೂ ಇದೇ ದಾರಿ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆದರೂ ಅದು ಮೊದಲಿನಿಂದಲೇ ಅಸಿಂಧು. "ತಾಳಿ ಬಿದ್ದಾಯ್ತು, ಇನ್ನೇನು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

18 ದಾಟಿದ ಹುಡುಗಿಯರಿಗೆ

ಅವಳು ವಯಸ್ಕಳು. ಮನೆಯವರು ನಾಪತ್ತೆ ದೂರು ಕೊಟ್ಟರೂ, ತಾನಾಗಿ ಬಂದಿದ್ದೇನೆ ಅಂತ ಪೊಲೀಸರ ಮುಂದೆ ಹೇಳಿಕೆ ಕೊಟ್ಟರೆ ಬಲವಂತವಾಗಿ ಕಳಿಸುವಂತಿಲ್ಲ.

ತುರ್ತಿಗೆ ಸಖಿ ಒನ್ ಸ್ಟಾಪ್ ಸೆಂಟರ್. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಹೆಚ್ಚಾಗಿ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ ಇರುತ್ತದೆ. ಚಿಕಿತ್ಸೆ, ದೂರು ಬರೆಸಲು ನೆರವು, ವಕೀಲರ ಸಲಹೆ, ಆಪ್ತಸಮಾಲೋಚನೆ ಒಂದೇ ಸೂರಿನಡಿ. ಪೂರ್ತಿ ದುಡ್ಡು ನಿರ್ಭಯಾ ನಿಧಿಯಿಂದ, ಕೇಂದ್ರದ್ದೇ. ದೌರ್ಜನ್ಯ ನಡೆದು ಮೊದಲ ಎರಡು ದಿನದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ತಂಗಲು 5 ದಿನ ಮಾತ್ರ. ಆರನೇ ದಿನ ಎಲ್ಲಿಗೆ ಅನ್ನುವುದನ್ನು ಮೊದಲ ದಿನವೇ ಕೇಳಿ.

ಆರನೇ ದಿನಕ್ಕೆ ಶಕ್ತಿ ಸದನ. ಮೊದಲಿನ ಸ್ವಾಧಾರ ಗೃಹ ಮತ್ತು ಉಜ್ವಲ ಯೋಜನೆಗಳನ್ನು 2022ರಲ್ಲಿ ಸೇರಿಸಿ ಈ ಹೆಸರು ಕೊಟ್ಟರು. ಜನ ಇನ್ನೂ ಸ್ವಾಧಾರ ಅಂತಲೇ ಕೇಳುತ್ತಾರೆ. ತಿಂಗಳುಗಟ್ಟಲೆ ಇರಬಹುದು, ಊಟ, ಬಟ್ಟೆ, ಹೊಲಿಗೆ, ಕಂಪ್ಯೂಟರ್ ತರಬೇತಿ ಎಲ್ಲ ಉಚಿತ. ಸರ್ಕಾರವೇ ನಡೆಸುವ ರಾಜ್ಯ ಮಹಿಳಾ ನಿಲಯಗಳೂ ಇವೆ. ಎರಡರಲ್ಲೂ ತೊಡಕು ಒಂದೇ. ಗಂಡನ ಮನೆಯ ಹಿಂಸೆಯಿಂದ ಬಂದ ಹೆಂಗಸರೂ ಅವರ ಮಕ್ಕಳೂ ಇರುವ ಜಾಗ ಅದು. 19 ವರ್ಷದ ಡಿಗ್ರಿ ಹುಡುಗಿಗೆ ಓದಲು ಮೂಲೆಯೊಂದು ಸಿಗುವುದು ಕಷ್ಟ, ಹೊರಗೆ ಹೋಗಿ ಬರಲು ಅನುಮತಿ ಬೇಕು. ಅಪಾಯ ಇನ್ನೂ ಇದೆ ಅನ್ನುವವರು ಆ ಕಟ್ಟುಪಾಡನ್ನು ಒಪ್ಪಿಕೊಳ್ಳುವುದೇ ವಾಸಿ. ಹಿಂದೆ ಬೀಳುವವರು ಯಾರೂ ಇಲ್ಲ, ಕೈಯಲ್ಲಿ ಕೆಲಸ ಇದೆ ಅನ್ನುವವರಿಗೆ ಸಖಿ ನಿವಾಸ್, ಅಂದರೆ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್, ಎಷ್ಟೋ ಮೇಲು. ಬಾಡಿಗೆ ಸಂಬಳದ ಮೇಲೆ ನಿಂತಿದೆ. ಒಂಟಿ ಕೋಣೆಗೆ ಶೇ. 15, ಇಬ್ಬರ ಕೋಣೆಗೆ ಶೇ. 10, ಡಾರ್ಮಿಟರಿಗೆ ಶೇ. 7.5 ಮೀರಬಾರದು. 12,000 ಸಂಬಳದವಳಿಗೆ ಡಾರ್ಮಿಟರಿ 900 ರೂಪಾಯಿಯೊಳಗೆ ಆಯಿತು. ಊಟದ ಖರ್ಚು ಬೇರೆ. ತರಬೇತಿ ಪಡೆಯುತ್ತಿರುವವರಿಗೂ ಕೆಲವು ಸೀಟು ಇರುತ್ತವೆ. ಪಿಜಿಗೆ ಹೋಗುವ ಮುಂಚೆ ಇಲ್ಲಿ ಒಮ್ಮೆ ವಿಚಾರಿಸಿ.

ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟು ಇಬ್ಬರೂ ಜೀವಭಯದಲ್ಲಿದ್ದರೆ? ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳ ರಕ್ಷಣೆಗೆ ವಿಶೇಷ ಘಟಕ, ಸುರಕ್ಷಿತ ಮನೆಗಳ ಬಗ್ಗೆ ನಿರ್ದೇಶನ ಕೊಟ್ಟಿದೆ. ಮೊದಲು ಒಂದು ತಿಂಗಳು, ಆಮೇಲೆ ತಿಂಗಳು ತಿಂಗಳಾಗಿ ಒಂದು ವರ್ಷದವರೆಗೆ. ಆ ತೀರ್ಪನ್ನು ಹೆಸರಿಸಿಯೇ ಜಿಲ್ಲೆಯ ಎಸ್‌ಪಿಗೆ ಲಿಖಿತ ಅರ್ಜಿ ಕೊಡಿ. ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೂ ಫೋನ್ ಮಾಡಿ. ಹೆಣ್ಣುಮಕ್ಕಳಿಗೂ 18ರೊಳಗಿನವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

18 ದಾಟಿದ ಹುಡುಗರಿಗೆ

ಇಲ್ಲಿ ನೆಲ ಕುಸಿಯುತ್ತದೆ. ಹೊಡೆತ ತಿಂದು ಮನೆ ಬಿಟ್ಟ 19ರ ಹುಡುಗನಿಗಾಗಿಯೇ ಕಟ್ಟಿದ ಯೋಜನೆ ಇಲ್ಲ. ಮಕ್ಕಳ ಬಾಗಿಲು ಮುಚ್ಚಿರುತ್ತದೆ, ಹೆಂಗಸರ ಬಾಗಿಲು ಅವನಿಗಲ್ಲ. ಇದು ನನ್ನನ್ನು ಕಾಡುವ ಸಂಗತಿ. "ಗಂಡು ಹುಡುಗ, ಎಲ್ಲೋ ಇರ್ತಾನೆ ಬಿಡಿ" ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಆ 'ಎಲ್ಲೋ' ಅಂದರೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಬೆಂಚು.

ಇರುವುದರಲ್ಲಿ ಹೊಂದಿಸಬೇಕು. ನಗರಗಳಲ್ಲಿ ವಸತಿರಹಿತರ ಆಶ್ರಯ ಕೇಂದ್ರಗಳಿವೆ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ಅದೂ ವರ್ಷಪೂರ್ತಿ ಅನ್ನುವುದು ನಿಯಮ. ಚಾಪೆ, ಹೊದಿಕೆ, ಸ್ನಾನಕ್ಕೆ ನೀರು ಇದ್ದರೆ ಹೊರಗಿನ ರಾತ್ರಿಗಿಂತ ಎಷ್ಟೋ ಮೇಲು. ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದರೆ ಹೊಟ್ಟೆಯ ಚಿಂತೆಯೂ ಅಷ್ಟಿಲ್ಲ. ಆದರೆ ವಯಸ್ಸಾದವರು, ಕೂಲಿಗೆ ಬಂದವರು, ಕುಡಿತ ಬಿಡದವರು ಎಲ್ಲ ಒಟ್ಟಿಗೆ ಇರುತ್ತಾರೆ. ಹುಡುಗನ ಜೊತೆ ಕೂತು ಮಾತಾಡುವವರು ಸಿಗುವುದು ಅಪರೂಪ. ಒಂದು ವಾರಕ್ಕೆ ಸರಿ, ತಿಂಗಳಿಗೆ ಬೇಡ.

ಇನ್ನೊಂದು ದಾರಿ ಇದೆ, ಹೆಚ್ಚು ಜನರಿಗೆ ಹೊಳೆಯುವುದಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ತರಬೇತಿಯ ಜೊತೆ ಊಟ, ವಸತಿ ಉಚಿತ. ಮೊಬೈಲ್ ರಿಪೇರಿ, ವೈರಿಂಗ್, ಫೋಟೋಗ್ರಫಿ ಇಂಥವು ಕೆಲವು ವಾರಗಳ ಕೋರ್ಸ್. ಇವು ಆಸರೆ ಮನೆಗಳಲ್ಲ, ಬ್ಯಾಚ್ ಶುರುವಾಗುವ ತನಕ ಕಾಯಬೇಕು, ಸಂಕಟ ಹೇಳಿಕೊಳ್ಳಲು ಅಲ್ಲಿ ಯಾರನ್ನೂ ನೇಮಿಸಿಲ್ಲ. ಆದರೂ ತಲೆ ಮೇಲೆ ಸೂರು, ಕೈಗೊಂದು ಕೆಲಸ, ಸುತ್ತ ಒಂದೇ ವಯಸ್ಸಿನವರು. ಓದುತ್ತಿರುವವನಾದರೆ ಹಿಂದುಳಿದ ವರ್ಗಗಳ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕೇಳಿ. ವರ್ಷದ ಮಧ್ಯೆ ಸೀಟು ಕಷ್ಟ, ಆದರೆ ಪ್ರಿನ್ಸಿಪಾಲರ ಪತ್ರ ಹಿಡಿದು ತಾಲ್ಲೂಕು ಅಧಿಕಾರಿಯನ್ನೇ ಕಂಡರೆ ಖಾಲಿ ಬಿದ್ದ ಸೀಟು ಸಿಗಬಹುದು.

17 ವರ್ಷ 10 ತಿಂಗಳ ಹುಡುಗನಿದ್ದರೆ "ಇನ್ನೆರಡು ತಿಂಗಳು ತಳ್ಳಿಬಿಡೋಣ, ಆಮೇಲೆ ಯಾರೂ ಕೇಳಲ್ಲ" ಅನ್ನುತ್ತಾರೆ. ಹಾಗೆ ಮಾಡಬೇಡಿ. 18ರೊಳಗೆ ಸಮಿತಿಯ ಆದೇಶದ ಮೇಲೆ ಸಂಸ್ಥೆ ಸೇರಿದವನಿಗೆ 18 ತುಂಬಿ ಹೊರಬಂದ ಮೇಲೂ ಅನುಪಾಲನೆಯ, ಅಂದರೆ ಸ್ವಂತ ಕಾಲ ಮೇಲೆ ನಿಲ್ಲುವ ತನಕದ ನೆರವಿನ, ಅವಕಾಶವಿದೆ. 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ತಿಂಗಳಿಗೆ 4,000 ರೂಪಾಯಿ ನೆರವು ಅಥವಾ ಅನುಪಾಲನಾ ಗೃಹದಲ್ಲಿ ಜಾಗ. 18 ತುಂಬಿದ ಮರುದಿನ ಬಂದವನಿಗೆ ಇದು ಯಾವುದೂ ಇಲ್ಲ. ತಾನಾಗಿ ಬರುವುದೂ ಇಲ್ಲ, ಅರ್ಜಿ ಹಾಕಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಬಿಡದೆ ಕೇಳಬೇಕು.

ಟ್ರಾನ್ಸ್ ಯುವಜನರ ಪಾಡು ಇನ್ನೂ ಕಠಿಣ. ಕೇಂದ್ರದ ಗರಿಮಾ ಗೃಹ ಯೋಜನೆ 2020ರಲ್ಲಿ ಬಂತು. ಊಟ, ವಸತಿ, ವೈದ್ಯಕೀಯ ನೆರವು, ಕೌಶಲ ತರಬೇತಿ ಎಲ್ಲ ಅದರಲ್ಲಿದೆ. ಆದರೆ ದೇಶದಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಬೆಂಗಳೂರಿನಲ್ಲಿ 1999ರಿಂದ ಕೆಲಸ ಮಾಡುತ್ತಿರುವ ಸಂಗಮದಂಥ ಸಂಸ್ಥೆಗಳನ್ನು ಮೊದಲು ಸಂಪರ್ಕಿಸಿ. ಸಾಮಾನ್ಯ ಆಶ್ರಯ ಕೇಂದ್ರಕ್ಕೆ ಒಂಟಿಯಾಗಿ ಕಳಿಸಬೇಡಿ.

ದುಡ್ಡು ಕೊಡುವ ಮನಸ್ಸಿರುವವರಿಗೆ

ಈ ಮನೆಗಳಿಗೆ ನೆರವಾಗಬೇಕು, ಯಾರಿಗೆ ಕೊಡಲಿ ಅಂತ ಕೇಳುವವರೂ ಇದ್ದಾರೆ, ಹೊರದೇಶದಲ್ಲಿರುವ ಕನ್ನಡಿಗರು ಕೂಡ. ಹೊರದೇಶದ ದುಡ್ಡು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದೊಡ್ಡವರ ಮೂಲಕ ದುಡ್ಡು ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. ಕಂಪನಿಗಳು ಸಾಮಾಜಿಕ ಹೊಣೆಗೆ ಅಂತ ಕೊಡುವ ಸಿಎಸ್‌ಆರ್ ದುಡ್ಡಿಗೆ ಕಟ್ಟಡ, ಕಂಪ್ಯೂಟರ್ ಅಂದರೆ ಇಷ್ಟ, ಬೋರ್ಡ್ ಹಾಕಬಹುದಲ್ಲ. ಹೀಗಾಗಿ ಸಾಮಾನ್ಯ ದಾನಿಯ ದುಡ್ಡು ಎಲ್ಲಿ ಬೇಕು ಅನ್ನುವುದು ಗೊತ್ತಾಗುತ್ತದೆ. ರಾತ್ರಿ ಪಾಳಿಯ ಒಬ್ಬ ಕಾರ್ಯಕರ್ತೆಯ ಸಂಬಳ, ಆಪ್ತಸಮಾಲೋಚಕಿಯ ಸಂಬಳ, ಅನುದಾನ ತಡವಾದ ತಿಂಗಳಿನ ದಿನಸಿ. ತಿಂಗಳಿಗೆ 500 ಆದರೂ ತಪ್ಪದೆ ಬರುವ ದುಡ್ಡು, ಹಬ್ಬಕ್ಕೆ ಬಂದು ಹೋಗುವ 10,000ಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನಿಸಿಕೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿ ಬೇಕಾದವರು 2,000 ರೂಪಾಯಿ ಮೀರಿದರೆ ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲ.

ಹುಟ್ಟುಹಬ್ಬಕ್ಕೆ ಕೇಕ್ ತಂದು ಮಕ್ಕಳ ಜೊತೆ ಫೋಟೋ ಹಾಕುವುದು ಬೇಡ. ಈ ಮಕ್ಕಳ ಗುರುತು ಬಹಿರಂಗ ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಅಪ್ಪನಿಂದ ತಪ್ಪಿಸಿಕೊಂಡು ಬಂದ ಹುಡುಗಿ ಯಾವ ಊರಿನ ಯಾವ ಮನೆಯಲ್ಲಿದ್ದಾಳೆ ಅಂತ ಅವನಿಗೆ ತಿಳಿಸಲು ಒಂದು ಸ್ಟೇಟಸ್ ಸಾಕು. ದಾನಿಗಳು ಎಷ್ಟೇ ಕೇಳಿದರೂ ಫೋಟೋ ಬೇಡ ಅನ್ನುವ ಸಂಸ್ಥೆ ಸಿಕ್ಕರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ನೋಂದಣಿ ಪತ್ರ, ಹೋದ ವರ್ಷದ ಲೆಕ್ಕಪತ್ರ ಕೇಳಿ. ಅದರ ಜೊತೆಗೆ ನಾನು ಕೇಳುವ ಇನ್ನೊಂದು ಪ್ರಶ್ನೆಯಿದೆ: 18 ತುಂಬಿ ಹೊರಗೆ ಹೋದ ಹುಡುಗರಿಗೆ ನಿಮ್ಮಲ್ಲಿ ಏನು ವ್ಯವಸ್ಥೆ? ಒಂದು ಬಾಡಿಗೆ ರೂಮು, ಕೆಲಸ ಹುಡುಕಿಕೊಡುವ ಒಬ್ಬರು, ಫೋನ್ ಎತ್ತುವ ಒಬ್ಬರು, ಇಷ್ಟಾದರೂ ಇದೆ ಅಂದರೆ ನನ್ನ ದುಡ್ಡು ಮೊದಲು ಅಲ್ಲಿಗೆ ಹೋಗುತ್ತದೆ.